ಎಂಟನೇ ತರಗತಿಗೆ ಬಿಟ್ಟ ಓದು: ಈಗ ಹತ್ತನೆಯದರ ಪರೀಕ್ಷೆ ಬರೆಯಬೇಕೆಂದರೆ ಎಲ್ಲಿಂದ ಶುರು?

ಎಂಟಕ್ಕೆ ನಿಂತವನು

ಎಲ್ಲರಿಗೂ ನಮಸ್ಕಾರ. ನನಗೆ ಈಗ ಮೂವತ್ತೆಂಟು. ಎಂಟನೇ ತರಗತಿ ಮುಗಿಸಿದವನು ಒಂಬತ್ತಕ್ಕೆ ಹೋಗಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ, ಬಿಡಿಸಿ ಹೇಳುವ ಅಗತ್ಯವಿಲ್ಲ. ಅಂದಿನಿಂದ ಯಂತ್ರಗಳ ಜೊತೆ ಕೆಲಸ. ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗರಿಗೆ ಯಂತ್ರ ತೋರಿಸಿಕೊಡುವವನು ನಾನೇ. ಆದರೆ ಮೇಲ್ವಿಚಾರಕನ ಹುದ್ದೆಗೆ ಅರ್ಜಿ ಕರೆದಾಗ ‘ವಿದ್ಯಾರ್ಹತೆ’ ಎಂಬ ಅಂಕಣದಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ನಾನು ಕೆಲಸ ಕಲಿಸಿದ ಹುಡುಗನೇ ಈಗ ನನ್ನ ಮೇಲಿದ್ದಾನೆ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ.

ಹತ್ತನೇ ತರಗತಿಯ ಗಣಿತ ಪುಸ್ತಕ ತಂದು ತೆರೆದು ನೋಡಿದೆ. ಮೊದಲ ಅಧ್ಯಾಯದಲ್ಲೇ ಕೈಚೆಲ್ಲಿದೆ. ಕೇಳಬೇಕಾದದ್ದು ಇಷ್ಟು: ಈ ವಯಸ್ಸಿನಲ್ಲಿ ಹತ್ತನೆಯದರ ಪರೀಕ್ಷೆ ಬರೆಯಲು ಇರುವ ದಾರಿ ಯಾವುದು? ಹದಿನೈದರ ಮಕ್ಕಳ ನಡುವೆ ಕೂರಬೇಕೇ? ಗಣಿತ ಬಿಟ್ಟು ಪಾಸಾಗಬಹುದೇ? ‘ಮನಸ್ಸಿದ್ದರೆ ಮಾರ್ಗ’ ಎನ್ನುವವರು ದಯವಿಟ್ಟು ಮಾರ್ಗವನ್ನಷ್ಟೇ ಹೇಳಿ. ಮನಸ್ಸು ಇದೆ.

ಅರ್ಜಿ ನಮೂನೆ

ಮಕ್ಕಳ ನಡುವೆ ಕೂರಬೇಕಾಗಿಲ್ಲ. ಇದಕ್ಕೆಂದೇ ಮುಕ್ತ ಶಾಲೆಗಳಿವೆ. ಸಿಬಿಎಸ್‌ಇ 1979ರಲ್ಲಿ ಪ್ರಯೋಗವೆಂದು ಶುರು ಮಾಡಿದ್ದು 1989ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. ಈಗ ಎಲ್ಲರೂ ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಅದೇ. ಅಲ್ಲಿನ ‘ಸೆಕೆಂಡರಿ’ ಎಂದರೆ ನಮ್ಮ ಹತ್ತನೇ ತರಗತಿಗೆ ಸಮ. ಹದಿನಾಲ್ಕು ತುಂಬಿರಬೇಕು ಎಂಬುದು ಬಿಟ್ಟರೆ ವಯಸ್ಸಿನ ಷರತ್ತಿಲ್ಲ. ಎಂಟನೆಯದರ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೂ, ಈ ಹಂತದ ಓದನ್ನು ನಿಭಾಯಿಸಬಲ್ಲೆ ಎಂದು ನೀವೇ ಬರೆದುಕೊಡುವ ಘೋಷಣೆಗೆ ಅಲ್ಲಿ ಅವಕಾಶವಿದೆ.

ನಿಮಗೆ ಮುಖ್ಯವಾಗಬೇಕಾದದ್ದು ಅದರ ಪರೀಕ್ಷೆಯ ಪದ್ಧತಿ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಐದನ್ನೂ ಒಂದೇ ಸಲಕ್ಕೆ ಬರೆಯಬೇಕೆಂದಿಲ್ಲ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ, ನೋಂದಣಿ ಐದು ವರ್ಷ ಊರ್ಜಿತ, ಆ ಅವಧಿಯಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯದ ಅಂಕ ಜಮೆಯಾಗಿ ಉಳಿಯುತ್ತದೆ. ಉಳಿದದ್ದರಲ್ಲಿ ನಪಾಸಾದರೆ ಅದನ್ನು ಮಾತ್ರ ಮತ್ತೆ ಬರೆದರಾಯಿತು. ಪಾಸಾಗಲು ಶೇ. 33. ಮನೆಯಲ್ಲೇ ಬರೆದು ಒಪ್ಪಿಸುವ ನಿಯೋಜಿತ ಕೆಲಸಕ್ಕೂ ಅಂಕವಿದೆ, ಅದನ್ನು ಹಗುರವಾಗಿ ಕಾಣಬೇಡಿ.

ಗಣಿತ ಕಡ್ಡಾಯವಲ್ಲ. ಅದರ ಬದಲು ಬೇರೆ ವಿಷಯ ತೆಗೆದುಕೊಳ್ಳಬಹುದು. ಡೇಟಾ ಎಂಟ್ರಿ, ಗೃಹವಿಜ್ಞಾನ, ವ್ಯವಹಾರ ಅಧ್ಯಯನ ಇವೆಲ್ಲ ಪಟ್ಟಿಯಲ್ಲಿವೆ.

ಒಂದು ಎಚ್ಚರಿಕೆ. ‘ಮುಕ್ತ ಶಾಲೆ’ ಎಂಬ ಹೆಸರಿಟ್ಟುಕೊಂಡ ನಕಲಿ ಮಂಡಳಿಗಳೂ ಇವೆ. ಶುಲ್ಕ ಕಟ್ಟುವ ಮೊದಲು ಆ ಮಂಡಳಿಗೆ ಸರ್ಕಾರದ ಮಾನ್ಯತೆ ಇದೆಯೇ ನೋಡಿ. ನಡುವೆ ನಿಂತು ‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ’ ಎನ್ನುವವರ ಕೈಗೆ ದಾಖಲೆ ಕೊಡಬೇಡಿ.

ನಿಷ್ಠುರ

ಗಣಿತ ಕಡ್ಡಾಯವಲ್ಲ ಎಂಬ ಸಿಹಿ ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಅವರು ಯಂತ್ರದ ಕೆಲಸದವರು. ನಾಳೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಬೇಕೆಂದರೆ ಹತ್ತನೆಯದರಲ್ಲಿ ಗಣಿತವೂ ವಿಜ್ಞಾನವೂ ಇರಬೇಕು. ಸುಲಭದ ಐದು ವಿಷಯ ಆರಿಸಿ ಪಾಸಾಗಿ, ಆಮೇಲೆ ಮುಂದಿನ ಬಾಗಿಲು ಮುಚ್ಚಿದೆ ಎಂದು ಗೊತ್ತಾದರೆ ಆ ಶ್ರಮ ಯಾರ ಲೆಕ್ಕಕ್ಕೆ?

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಮೆರಿಕದಲ್ಲಿ ಜಿಇಡಿ ಎಂಬ ಪರೀಕ್ಷೆ ಇದೆ. ಎರಡನೇ ಮಹಾಯುದ್ಧಕ್ಕೆ ಶಾಲೆ ಬಿಟ್ಟು ಹೋದ ಸೈನಿಕರಿಗೆಂದು 1942ರಲ್ಲಿ ಹುಟ್ಟಿದ್ದು, ಆಮೇಲೆ ಶಾಲೆ ಬಿಟ್ಟ ಎಲ್ಲರಿಗೂ ತೆರೆದುಕೊಂಡಿತು. ಪಾಸಾದರೆ ಪ್ರೌಢಶಾಲೆ ಮುಗಿಸಿದವರಿಗೆ ಸಮಾನ ಎಂಬ ಪತ್ರ. ಮುಂದೆ 2000ದಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸ್ಟೀಫನ್ ಕ್ಯಾಮರನ್ 1993ರಲ್ಲಿ ಈ ‘ಸಮಾನ’ವನ್ನೇ ಪರೀಕ್ಷಿಸಿದರು. ಜಿಇಡಿ ಪಾಸಾದವರ ಸಂಬಳ ಶಾಲೆ ಮುಗಿಸಿದವರ ಸಂಬಳದ ಹತ್ತಿರ ಬರಲಿಲ್ಲ. ಏನೂ ಪಾಸಾಗದೆ ಬಿಟ್ಟವರ ಸಂಬಳದ ಹತ್ತಿರವೇ ಉಳಿಯಿತು. ಮುದ್ರೆ ಒತ್ತಿದ ಕಾಗದ ಸಿಕ್ಕೊಡನೆ ಬದುಕು ತಿರುಗುತ್ತದೆ ಎಂದು ಹೇಳಿ ಜನರನ್ನು ಕೂರಿಸುವುದು ಅನ್ಯಾಯ.

ಸಂಜೆ ಮೇಷ್ಟ್ರು

ನಿಷ್ಠುರ ಅವರು ಹೇಳಿದ ಅಧ್ಯಯನ ನಿಜ, ಆದರೆ ಅದರ ಇನ್ನೊಂದು ಮಗ್ಗುಲೂ ಇದೆ. ಆ ಪತ್ರ ಹಿಡಿದು ಅಲ್ಲೇ ನಿಂತವರಿಗೆ ಲಾಭ ಕಡಿಮೆ. ಅದನ್ನು ಮೆಟ್ಟಿಲಾಗಿ ಬಳಸಿ ಮುಂದಿನ ತರಬೇತಿಗೋ ಕಾಲೇಜಿಗೋ ಹೋಗಿ ಅದನ್ನು ಮುಗಿಸಿದವರ ವಿಷಯ ಬೇರೆ. ಅಲ್ಲದೆ ಅದು ಸರಾಸರಿಯ ಲೆಕ್ಕ. ಇವರ ಕೌಶಲ ಈಗಾಗಲೇ ಕೆಲಸದಲ್ಲಿ ಸಾಬೀತಾಗಿದೆ, ಕೊರತೆ ಇರುವುದು ಒಂದು ಅಂಕಣದಲ್ಲಿ. ಅಂಥವರಿಗೆ ಕಾಗದದ ಬೆಲೆ ಸರಾಸರಿಗಿಂತ ಹೆಚ್ಚು.

ಇನ್ನು ಗಣಿತ. ನಾನು ವಯಸ್ಕರಿಗೆ ಸಂಜೆ ತರಗತಿ ತೆಗೆದುಕೊಳ್ಳುತ್ತೇನೆ. ಹತ್ತನೆಯದರ ಪುಸ್ತಕ ತೆರೆದು ಕೈಚೆಲ್ಲಿದವರಲ್ಲಿ ಹೆಚ್ಚಿನವರು ಎಡವಿರುವುದು ಹತ್ತನೆಯದರಲ್ಲಿ ಅಲ್ಲ, ಐದನೆಯದರಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಕೊಳವೆ ಕತ್ತರಿಸಿ ಜೋಡಿಸುವ ಕೆಲಸದಲ್ಲಿ ಪಳಗಿದ ಒಬ್ಬರು ನನ್ನ ತರಗತಿಗೆ ಬಂದರು. ಬೋರ್ಡಿನ ಮೇಲೆ 1/2 + 1/3 ಬರೆದೆ. ಅವರು 2/5 ಎಂದು ಬರೆದರು. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿದ್ದರು. ನಾನು ತಪ್ಪೆನ್ನಲಿಲ್ಲ. “ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದರೆ ಅರ್ಧಕ್ಕಿಂತ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ?” ಎಂದೆ. ಹೆಚ್ಚಾಗಬೇಕು ಎಂದರು. “ಐದರಲ್ಲಿ ಎರಡು ಅರ್ಧಕ್ಕಿಂತ ಹೆಚ್ಚೇ?” ಎಂದೆ. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. “12 ಅಡಿ ಕೊಳವೆಯಲ್ಲಿ ಅರ್ಧ ಎಷ್ಟು?” ಆರು. “ಮೂರನೇ ಒಂದು ಪಾಲು?” ನಾಲ್ಕು. “ಎರಡೂ ಸೇರಿದರೆ?” ಹತ್ತು. ಹನ್ನೆರಡರಲ್ಲಿ ಹತ್ತು, ಅಂದರೆ ಆರರಲ್ಲಿ ಐದು ಎಂದು ಅವರೇ ಹೇಳಿದರು. ಅದನ್ನೇ ಬೋರ್ಡಿನ ಮೇಲೆ 3/6 + 2/6 = 5/6 ಎಂದು ಬರೆದು ತೋರಿಸಿದೆ. ದಿನವೂ ಕೈಯಲ್ಲಿ ಮಾಡುತ್ತಿದ್ದ ಲೆಕ್ಕವೇ ಬೋರ್ಡಿನಲ್ಲಿದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಎಂಟಕ್ಕೆ ನಿಂತವರೇ, ಹತ್ತನೆಯದರ ಪುಸ್ತಕ ಸದ್ಯಕ್ಕೆ ಮುಚ್ಚಿಡಿ. ಐದು, ಆರು, ಏಳನೇ ತರಗತಿಯ ಗಣಿತ ಪುಸ್ತಕಗಳನ್ನು ತನ್ನಿ. ಪ್ರತಿ ಅಧ್ಯಾಯದ ಕೊನೆಯ ಅಭ್ಯಾಸದಿಂದ ಎರಡೆರಡು ಲೆಕ್ಕ ಮಾಡಿ. ಬಂದರೆ ಮುಂದಕ್ಕೆ ಹೋಗಿ, ಬರದಿದ್ದರೆ ಅಲ್ಲಿ ಗುರುತು ಹಾಕಿ. ಭಿನ್ನರಾಶಿ, ದಶಮಾಂಶ, ಶೇಕಡಾ, ಋಣ ಸಂಖ್ಯೆ, ಅಕ್ಷರ ಬಳಸುವ ಸಮೀಕರಣ: ಗುರುತು ಬೀಳುವುದು ಬಹುತೇಕ ಇವುಗಳಲ್ಲೇ. ಇವಿಷ್ಟು ಸರಿಹೋದರೆ ಹತ್ತನೆಯದರ ಅರ್ಧ ಪುಸ್ತಕ ತಾನಾಗಿ ಸಡಿಲವಾಗುತ್ತದೆ.

ಹೊಂಬೆಳಕು

ಕೀನ್ಯಾದ ಕಿಮಾನಿ ಮಾರುಗೆ ಅವರ ಕಥೆ ಕೇಳಿದ್ದೀರಾ? 2004ರಲ್ಲಿ, 84ನೇ ವಯಸ್ಸಿನಲ್ಲಿ, ಸಮವಸ್ತ್ರ ತೊಟ್ಟು ಒಂದನೇ ತರಗತಿಗೆ ಸೇರಿದವರು! ಅತಿ ಹಿರಿಯ ವಯಸ್ಸಿನಲ್ಲಿ ಪ್ರಾಥಮಿಕ ಶಾಲೆ ಸೇರಿದವರೆಂದು ಗಿನ್ನೆಸ್ ದಾಖಲೆ. ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ 96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ಅವರ ಮುಂದೆ ಮೂವತ್ತೆಂಟು ಒಂದು ವಯಸ್ಸೇ? ಧೈರ್ಯವಾಗಿ ಹೆಜ್ಜೆ ಇಡಿ!

ರಾತ್ರಿಪಾಳಿ

ಹೊಂಬೆಳಕು ಅವರೇ, ಬೇಸರ ಮಾಡಿಕೊಳ್ಳಬೇಡಿ. ಇಂಥ ಕಥೆಗಳು ನನ್ನ ಮೊಬೈಲಿಗೂ ಬರುತ್ತವೆ, ಹೆಚ್ಚಾಗಿ ಡಿಗ್ರಿ ಮುಗಿಸಿದವರಿಂದ. ಮಾರುಗೆ ಅವರ ಕಥೆಯಲ್ಲಿ ನೀವು ಬಿಟ್ಟ ಒಂದು ವರ್ಷವಿದೆ: 2003. ಆ ವರ್ಷ ಕೀನ್ಯಾ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಮರುವರ್ಷ ಅಜ್ಜ ಶಾಲೆಯ ಗೇಟಿಗೆ ಬಂದರು. ಓದುವ ಆಸೆ ಅವರಿಗೆ ಅದಕ್ಕಿಂತ ಮೊದಲು ಇರಲಿಲ್ಲವೇ? ಕೇರಳದ ಅಮ್ಮನೂ ತಾವೊಬ್ಬರೇ ಎದ್ದು ಹೋಗಿ ಪರೀಕ್ಷೆ ಬರೆದದ್ದಲ್ಲ. ಕಲಿಸುವವರನ್ನು ಗೊತ್ತುಮಾಡಿ ಕಲಿಯುವವರಿದ್ದಲ್ಲಿಗೇ ಕಳಿಸುವ ಸಾಕ್ಷರತಾ ಮಿಷನ್ ಅಲ್ಲಿತ್ತು.

ನಾನು ಮುಕ್ತ ಶಾಲೆಗೆ ಸೇರಿ ಎರಡು ವಿಷಯ ಪಾಸಾಗಿದ್ದೇನೆ, ಮೂರು ಬಾಕಿ. ನಡುವೆ ಬಹಳ ಕಾಲ ನಿಂತುಹೋಗಿತ್ತು. ಪಾಠ ಕಷ್ಟವಾಗಿ ನಿಂತದ್ದಲ್ಲ. ಕೆಲಸದ ಪಾಳಿ ಬದಲಾಯಿತು, ಸಂಪರ್ಕ ತರಗತಿ ನಡೆಯುವ ಹೊತ್ತಿಗೇ ನನಗೆ ಕೆಲಸ ಬಿತ್ತು. ಅಷ್ಟರಲ್ಲಿ ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದರು. ಓದಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ನಾನು ಪುಸ್ತಕ ಹಿಡಿದು ಕೂತಾಗ ಯಾರೂ ಬಂದು ಎಬ್ಬಿಸುವುದಿಲ್ಲ. ಎದ್ದು ನೋಡಿದರೆ ಮನೆಯ ಕೆಲಸವೆಲ್ಲ ಇಟ್ಟ ಜಾಗದಲ್ಲೇ ಇರುತ್ತದೆ. ಆ ಲೆಕ್ಕ ಯಾವ ಪಠ್ಯದಲ್ಲೂ ಇಲ್ಲ.

ವಯಸ್ಕರು ಎರಡನೇ ಸಲ ಓದು ಬಿಟ್ಟಾಗ ‘ಛಲ ಸಾಲದು’ ಎನ್ನುವವರು ಒಮ್ಮೆ ಅವರ ವೇಳಾಪಟ್ಟಿ ಕೇಳಿ ನೋಡಲಿ. ಎಂಟಕ್ಕೆ ನಿಂತವರೇ, ನಿಮಗೆ ನನ್ನ ಸಲಹೆ: ವಿಷಯ ಆರಿಸುವ ಮೊದಲು ವಾರದಲ್ಲಿ ಯಾರೂ ಕೇಳದ ಎರಡು ಗಂಟೆ ಯಾವುವು ಎಂದು ಆರಿಸಿ. ಮನೆಯವರ ಮುಂದೆಯೇ ಆರಿಸಿ. ಆ ಎರಡು ಗಂಟೆ ನಿಮ್ಮ ಕೆಲಸ ಯಾರು ಮಾಡುತ್ತಾರೆ ಎಂಬುದೂ ಅವತ್ತೇ ತೀರ್ಮಾನವಾಗಲಿ. ಗಂಡಸರಾದ್ದರಿಂದ ನಿಮಗೆ ಇದು ನನಗಿಂತ ಸುಲಭ, ಮುಲಾಜಿಲ್ಲದೆ ಹೇಳುತ್ತಿದ್ದೇನೆ.

ಹೊಂಬೆಳಕು

ಬೇಸರವಿಲ್ಲ ಅಕ್ಕ. 2003ರ ವಿಷಯ ನನಗೆ ಗೊತ್ತಿರಲಿಲ್ಲ.

ನಿಷ್ಠುರ

ರಾತ್ರಿಪಾಳಿ ಅವರ ಮಾತಿಗೆ ನನ್ನದೂ ಒಂದು ಸಹಿ.

ಸಾಬೀತು

ಈ ಚರ್ಚೆಯಲ್ಲಿ ಎಲ್ಲರೂ ಪರೀಕ್ಷೆಯೊಂದೇ ದಾರಿ ಎಂದು ಒಪ್ಪಿಕೊಂಡಂತಿದೆ. ಇಷ್ಟು ವರ್ಷ ಯಂತ್ರ ನಡೆಸಿ, ಡಿಪ್ಲೊಮಾದವರಿಗೇ ಕೆಲಸ ಕಲಿಸಿದ ಮನುಷ್ಯನನ್ನು ಮತ್ತೆ ಅಭ್ಯಾಸ ಪುಸ್ತಕದ ಮುಂದೆ ಕೂರಿಸುವುದು ಯಾಕೆ? ಅವರಿಗೆ ಗೊತ್ತಿರುವುದನ್ನು ಅಳೆದು ಪ್ರಮಾಣಪತ್ರ ಕೊಡಬಾರದೇಕೆ?

ಇದು ಕನಸಲ್ಲ. ಫ್ರಾನ್ಸಿನಲ್ಲಿ 2002ರ ಕಾನೂನು ಇದಕ್ಕೆಂದೇ ಇದೆ. ಕೆಲಸದ ಅನುಭವ ಇರುವವರು ತಾವು ಏನು ಮಾಡುತ್ತೇವೆ, ಹೇಗೆ ಮಾಡುತ್ತೇವೆ, ಅಡ್ಡಿ ಬಂದಾಗ ಏನು ನಿರ್ಧರಿಸುತ್ತೇವೆ ಎಂದು ವಿವರವಾದ ಕಡತ ಬರೆದು ತಜ್ಞರ ಸಮಿತಿಯ ಮುಂದೆ ಕೂರುತ್ತಾರೆ. ಸಮಿತಿ ಒಪ್ಪಿದರೆ ಕಾಲೇಜಿಗೆ ಹೋಗದೆಯೇ ಪೂರ್ಣ ಡಿಪ್ಲೊಮಾ ಸಿಗಬಹುದು. ಕೆಲವು ಭಾಗ ಮಾತ್ರ ಕೊಟ್ಟು ಉಳಿದದ್ದನ್ನು ಓದಿ ಬನ್ನಿ ಎನ್ನಲೂಬಹುದು. ಮೊದಲು ಮೂರು ವರ್ಷದ ಅನುಭವ ಬೇಕಿತ್ತು, 2016ರಲ್ಲಿ ಅದನ್ನು ಒಂದು ವರ್ಷಕ್ಕೆ ಇಳಿಸಿದರು, 2022ರ ಕಾನೂನಿನಲ್ಲಿ ಆ ಕನಿಷ್ಠ ಅವಧಿಯನ್ನೂ ತೆಗೆದುಹಾಕಿದರು. ಸ್ವೀಡನ್ನಿನಲ್ಲಿ ಇಪ್ಪತ್ತೈದು ದಾಟಿದ, ನಾಲ್ಕು ವರ್ಷ ದುಡಿದವರಿಗೆ ಶಾಲಾ ಪ್ರಮಾಣಪತ್ರವಿಲ್ಲದಿದ್ದರೂ ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ನಿಯಮ ಬಹುಕಾಲ ಇತ್ತು.

ನಮ್ಮಲ್ಲೂ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಎಂಟಕ್ಕೆ ನಿಂತವರು ಅದನ್ನು ಯಾಕೆ ನೋಡಬಾರದು?

ಅರ್ಜಿ ನಮೂನೆ

ನೋಡಬಹುದು. ಆದರೆ ಅದು ಕೌಶಲದ ಪ್ರಮಾಣಪತ್ರ, ಹತ್ತನೇ ತರಗತಿಯ ಪ್ರಮಾಣಪತ್ರವಲ್ಲ. ಇವರ ಅರ್ಜಿಯ ಅಂಕಣ ಯಾವುದನ್ನು ಕೇಳುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಡೆಯರು ಕೌಶಲದ ಪತ್ರ ಒಪ್ಪಿದರೆ ಅದು ಬೇಗನೆ ಆಗುವ ಕೆಲಸ. ‘ಕನಿಷ್ಠ ಹತ್ತನೇ ತರಗತಿ’ ಎಂದು ಬರೆದಿದ್ದರೆ ಅದು ಅಲ್ಲಿ ನಡೆಯುವುದಿಲ್ಲ. ಆ ಸಾಲನ್ನು ಮತ್ತೊಮ್ಮೆ ಓದಿ ಇಲ್ಲಿ ಹಾಕಿ.

ನಿಷ್ಠುರ

ಸಾಬೀತು ಅವರೇ, ಫ್ರಾನ್ಸಿನ ಆ ಕಡತ ಬರೆಯಲು ಎಷ್ಟು ಬರವಣಿಗೆ ಬೇಕು ಎಂಬುದನ್ನೂ ಹೇಳಿ. ಶಾಲೆ ಬಿಟ್ಟವರಿಗೆ ಅತ್ಯಂತ ಕಷ್ಟವಾದದ್ದೇ ತಮ್ಮ ಕೆಲಸವನ್ನು ಪುಟಗಟ್ಟಲೆ ಬರೆದು ವಿವರಿಸುವುದು. ಪರೀಕ್ಷೆ ತೆಗೆದಿರಿ, ಅದರ ಜಾಗದಲ್ಲಿ ಪ್ರಬಂಧ ಇಟ್ಟಿರಿ.

ಸಾಬೀತು

ಒಪ್ಪುತ್ತೇನೆ, ಬರವಣಿಗೆ ಭಾರವೇ. ಅದಕ್ಕೇ ಅಲ್ಲಿ ಜೊತೆಗೆ ಕೂತು ಬರೆಸುವ ಮಾರ್ಗದರ್ಶಕರನ್ನು ಪಡೆಯುವ ಅವಕಾಶವಿದೆ. ಆದರೂ ನಿಮಗೆ ಗೊತ್ತಿಲ್ಲದ್ದನ್ನು ಬರೆಯುವುದಕ್ಕಿಂತ ಗೊತ್ತಿರುವುದನ್ನು ಬರೆಯುವುದು ಮೇಲಲ್ಲವೇ?

ಎಂಟಕ್ಕೆ ನಿಂತವನು

ಇಷ್ಟೊಂದು ಜನ ಉತ್ತರಿಸುತ್ತೀರಿ ಎಂದುಕೊಂಡಿರಲಿಲ್ಲ. ಕೆಲಸದ ಜಾಗದಲ್ಲಿ ಹಾಕಿದ್ದ ಸೂಚನೆಯನ್ನು ಮತ್ತೆ ಓದಿದೆ. ಮೇಲ್ವಿಚಾರಕನಿಗೆ ‘ಕನಿಷ್ಠ ಹತ್ತನೇ ತರಗತಿ ಅಥವಾ ತತ್ಸಮಾನ’ ಎಂದಿದೆ. ಅದರ ಮೇಲಿನ ಹುದ್ದೆಗೆ ಡಿಪ್ಲೊಮಾ. ಅಂದರೆ ಸಾಬೀತು ಅವರು ಹೇಳಿದ ಪತ್ರ ಸಾಲುವುದಿಲ್ಲ, ನಿಷ್ಠುರ ಅವರು ಹೇಳಿದಂತೆ ಗಣಿತ ಬಿಡುವುದೂ ಬುದ್ಧಿವಂತಿಕೆಯಲ್ಲ.

ಮೇಷ್ಟ್ರು ಹೇಳಿದಂತೆ ಗುರುತು ಹಾಕುತ್ತಾ ಬಂದೆ. ಶೇಕಡಾ, ದಶಮಾಂಶ ಪರವಾಗಿಲ್ಲ, ಅಳತೆಯ ಕೆಲಸದಲ್ಲಿ ದಿನವೂ ಬರುತ್ತವೆ. ಋಣ ಸಂಖ್ಯೆ ಕೈಗೆ ಸಿಗುತ್ತಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನ ಎನ್ನುತ್ತಾರೆ. ಯಾಕೆ ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ವಿಚಿತ್ರ. ಓದಿದರೆ ಅರ್ಥವಾಗುತ್ತದೆ, ಮರುದಿನ ನೆನಪಿರುವುದಿಲ್ಲ. ವಯಸ್ಸಾಯಿತೇ?

ಸಂಜೆ ಮೇಷ್ಟ್ರು

ಮೊದಲು ಋಣ ಸಂಖ್ಯೆ. ಈ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿ:

3 × (−2) = −6
2 × (−2) = −4
1 × (−2) = −2
0 × (−2) = 0

ಎಡಗಡೆಯ ಸಂಖ್ಯೆ ಒಂದೊಂದೇ ಕಡಿಮೆಯಾದಂತೆ ಉತ್ತರ ಎರಡೆರಡು ಏರುತ್ತಿದೆ. ಸೊನ್ನೆಯ ನಂತರ ಎಡಗಡೆ −1 ಬರುತ್ತದೆ. ಏರುವ ಕ್ರಮ ಮುರಿಯಬಾರದು ಎಂದರೆ ಉತ್ತರ +2 ಆಗಲೇಬೇಕು. ಗಣಿತದವರು ಹಟಕ್ಕೆ ಮಾಡಿದ ನಿಯಮವಲ್ಲ, ಹಾಗಲ್ಲದಿದ್ದರೆ ಉಳಿದ ನಿಯಮಗಳೆಲ್ಲ ಕೆಡುತ್ತವೆ. ‘ಯಾಕೆ’ ಎಂದು ಕೇಳಿದಿರಲ್ಲ, ವಯಸ್ಕರಿಗೆ ಕಲಿಸುವುದರಲ್ಲಿ ನನಗಿರುವ ಸುಖ ಅದೇ. ಮಕ್ಕಳು ಹೆಚ್ಚಾಗಿ ಕೇಳದೆ ಬರೆದುಕೊಳ್ಳುತ್ತಾರೆ.

ನೆನಪಿನ ವಿಷಯ. ವಯಸ್ಸನ್ನು ದೂರಬೇಡಿ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿ 1928ರಷ್ಟು ಹಿಂದೆಯೇ ವಯಸ್ಕರನ್ನು ಪರೀಕ್ಷಿಸಿ, ಕಲಿಯುವ ಶಕ್ತಿ ಇಪ್ಪತ್ತರ ನಂತರ ಇಳಿಯುವುದು ಜನ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದು ತೋರಿಸಿದ. ಓದಿದ್ದು ಮರುದಿನ ಮರೆಯುವುದು ಎಲ್ಲ ವಯಸ್ಸಿನವರಿಗೂ ಇದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ್ದ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಆಗ ಅವನಿಗೆ ನಿಮಗಿಂತ ಕಡಿಮೆ ವಯಸ್ಸು.

ಉಪಾಯ ಇಷ್ಟೇ. ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿರುವುದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಇದನ್ನೇ ಮಾಡಿ. ಮತ್ತೆ ಮತ್ತೆ ಓದುವುದರಿಂದ ‘ಗೊತ್ತಿದೆ’ ಎಂಬ ಭ್ರಮೆ ಮಾತ್ರ ಬೆಳೆಯುತ್ತದೆ.

ಬರೆಯಿರಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಪರೀಕ್ಷೆಯಲ್ಲಿ ಮೂರು ಗಂಟೆ ಪೆನ್ನು ಹಿಡಿಯಬೇಕು. ಸಹಿ ಮತ್ತು ಮೊಬೈಲ್ ಸಂದೇಶ ಬಿಟ್ಟು ಬೇರೇನೂ ಬರೆಯದ ಕೈಗೆ ಅರ್ಧ ಗಂಟೆಗೇ ಹೆಬ್ಬೆರಳು ಸೆಟೆಯುತ್ತದೆ. ಉತ್ತರ ಗೊತ್ತಿದ್ದೂ ಕೈ ಸೋತು ಕೊನೆಯ ಪ್ರಶ್ನೆಗಳನ್ನು ಬಿಟ್ಟು ಬಂದವರನ್ನು ನಾನು ಪ್ರತಿ ಪರೀಕ್ಷೆಯಲ್ಲೂ ಕಾಣುತ್ತೇನೆ. ದಿನಕ್ಕೆ ಒಂದು ಪುಟ, ಏನಾದರೂ ಸರಿ, ಕೈಯಲ್ಲಿ ಬರೆಯಿರಿ.

ರಾತ್ರಿಪಾಳಿ

ಕೈನೋವಿನ ಮಾತು ನೂರಕ್ಕೆ ನೂರು ನಿಜ. ಪೆನ್ನು ದಪ್ಪದ್ದಿರಲಿ, ಗಟ್ಟಿಯಾಗಿ ಒತ್ತದೆ ಬರೆಯುವಂಥದ್ದು.

ನಿರ್ವಾಹಕ

ಈ ಚರ್ಚೆಯಲ್ಲಿ ‘ಪರೀಕ್ಷೆ ಇಲ್ಲ, ಹಾಜರಿ ಇಲ್ಲ, ಹಳೆಯ ದಿನಾಂಕದ ಪ್ರಮಾಣಪತ್ರ ಖಚಿತ’ ಎಂಬ ಸಂದೇಶ ಹಾಕಿದ್ದ ಖಾತೆಯನ್ನು ತೆಗೆದುಹಾಕಲಾಗಿದೆ. ಅವರು ಖಾಸಗಿ ಸಂದೇಶ ಕಳಿಸಿದ್ದರೆ ಉತ್ತರಿಸಬೇಡಿ. ಅಂಥ ಪ್ರಮಾಣಪತ್ರವನ್ನು ಕೆಲಸಕ್ಕೆ ಕೊಟ್ಟು ಸಿಕ್ಕಿಬಿದ್ದರೆ ಇರುವ ಕೆಲಸವೂ ಹೋಗಿ, ಪೊಲೀಸ್ ಪ್ರಕರಣವೂ ಆಗುತ್ತದೆ.

ಹಾದಿಹೋಕ

ತಡವಾಗಿ ಬಂದೆ, ಆದರೂ ಒಂದು ಮಾತು. ಪ್ರಮಾಣಪತ್ರ, ಅಂಕಣ, ಹುದ್ದೆ ಎಂದು ಎಲ್ಲರೂ ಹೇಳುತ್ತಿದ್ದೀರಿ. ಓದಿನ ಸಂತೋಷವೇ ಬೇಡವೇ? ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿ ಎಂಬ ಪಾದ್ರಿಯ ವಿಚಾರದಿಂದ 1844ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ಜನಪದ ಪ್ರೌಢಶಾಲೆ ಶುರುವಾಯಿತು. ರೈತರ ಮಕ್ಕಳು, ದುಡಿಯುವ ಯುವಕರು ಅಲ್ಲಿಗೆ ಬರುತ್ತಿದ್ದರು. ಪರೀಕ್ಷೆ ಇಲ್ಲ, ಅಂಕ ಇಲ್ಲ. ಆ ಶಾಲೆಗಳು ಇಂದಿಗೂ ಹಾಗೇ ನಡೆಯುತ್ತಿವೆ. ಬ್ರೆಜಿಲ್‌ನಲ್ಲಿ ಪೌಲೊ ಫ್ರೆಯಿರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಮೆಗಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟರು. ಮಕ್ಕಳ ಪುಸ್ತಕ ಕೊಡಲಿಲ್ಲ. ಇಟ್ಟಿಗೆಯಂಥ, ಅವರ ಕೆಲಸದಲ್ಲೇ ಇದ್ದ ಪದಗಳನ್ನು ತೆಗೆದುಕೊಂಡರು. ಇಟ್ಟಿಗೆ ಯಾರು ಸುಡುತ್ತಾರೆ, ಮನೆ ಯಾರದಾಗುತ್ತದೆ ಎಂಬ ಮಾತುಕತೆಯಿಂದಲೇ ಅಕ್ಷರ ಹುಟ್ಟುತ್ತಿತ್ತು.

ನಿಷ್ಠುರ

ಮರುವರ್ಷವೇ ಸೇನೆ ಅಧಿಕಾರ ಹಿಡಿದು ಫ್ರೆಯಿರೆಯನ್ನು ಜೈಲಿಗೆ ಹಾಕಿತು, ಆಮೇಲೆ ಅವರು ದೇಶ ಬಿಡಬೇಕಾಯಿತು. ಅಷ್ಟು ಹೆದರಿಸಿದ ಪಾಠ ಎಂದರೆ ಅದರಲ್ಲಿ ಸತ್ವ ಇತ್ತು ಎಂದೇ ಅರ್ಥ. ಇಲ್ಲಿ ನಾನು ನಿಮ್ಮ ಪಕ್ಷ. ಆದರೆ ಪ್ರಮಾಣಪತ್ರದ ಚಿಂತೆ ಇಲ್ಲದವರು ಮಾತ್ರ ‘ಓದಿನ ಸಂತೋಷ’ ಎಂದು ಇಷ್ಟು ಸಲೀಸಾಗಿ ಹೇಳಬಲ್ಲರು. ಈ ಮನುಷ್ಯನಿಗೆ ಕಾಗದ ಬೇಕು. ಸಂತೋಷ ದಾರಿಯಲ್ಲಿ ಸಿಕ್ಕರೆ ಬೇಡ ಎನ್ನುವುದಿಲ್ಲ.

ಸಂಜೆ ಮೇಷ್ಟ್ರು

ಎರಡನ್ನೂ ಬೇರೆ ಮಾಡಿ ನೋಡಬೇಕಾಗಿಲ್ಲ. ಫ್ರೆಯಿರೆಯವರ ಮಾತಿನಲ್ಲಿ ನಮಗೆ ಬೇಕಾದ ಒಂದು ಅಂಶವಿದೆ. ಎಂಟಕ್ಕೆ ನಿಂತವರು ವಿಜ್ಞಾನ ಓದುವಾಗ ಬಲ, ಒತ್ತಡ, ಉಷ್ಣದ ಅಧ್ಯಾಯಗಳಿಂದ ಶುರು ಮಾಡಲಿ. ಯಂತ್ರ ಬಿಸಿಯಾಗುವುದು, ಎಣ್ಣೆ ಹಾಕಿದರೆ ಘರ್ಷಣೆ ತಗ್ಗುವುದು, ಬೆಲ್ಟ್ ಸಡಿಲವಾದರೆ ವೇಗ ಕುಸಿಯುವುದು ಇವೆಲ್ಲ ಅವರ ಕೈಗೆ ಗೊತ್ತಿರುವ ಪಾಠ. ಪುಸ್ತಕ ಅದಕ್ಕೆ ಹೆಸರು ಮತ್ತು ಸೂತ್ರ ಕೊಡುತ್ತದೆ ಅಷ್ಟೇ. ಜೀವಕೋಶ, ಆವರ್ತಕ ಕೋಷ್ಟಕ ಆಮೇಲೆ ಬರಲಿ. ಪುಸ್ತಕದ ಕ್ರಮದಲ್ಲೇ ಓದಬೇಕೆಂದು ಯಾರೂ ಶಾಸನ ಬರೆದಿಲ್ಲ.

ಸಾಬೀತು

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವನ್ನೂ ನೆನೆಯಬೇಕು. 1969ರಲ್ಲಿ ಸ್ಥಾಪನೆ, 1971ರಲ್ಲಿ ಮೊದಲ ವಿದ್ಯಾರ್ಥಿಗಳು. ಪದವಿಗೆ ಸೇರಲು ಶಾಲೆಯ ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಸೇರುವಾಗ ಜರಡಿ ಇಲ್ಲ, ಮುಗಿಸುವಾಗಿನ ಮಟ್ಟದಲ್ಲಿ ರಿಯಾಯಿತಿ ಇಲ್ಲ. ನನಗೆ ಸರಿ ಎನಿಸುವ ನ್ಯಾಯ ಅದು.

ಎಂಟಕ್ಕೆ ನಿಂತವನು

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ತಪ್ಪಿದ್ದರೆ ತಿದ್ದಿ. ಐದು ವಿಷಯಗಳಲ್ಲಿ ಗಣಿತ, ವಿಜ್ಞಾನ ಎರಡನ್ನೂ ಈಗಲೇ ಆರಿಸುತ್ತೇನೆ. ಆದರೆ ಮೊದಲ ಪರೀಕ್ಷೆಗೆ ಭಾಷೆ ಮತ್ತು ಡೇಟಾ ಎಂಟ್ರಿ ಮಾತ್ರ. ಅಷ್ಟರಲ್ಲಿ ಕೈ ಪಳಗುತ್ತದೆ, ಪರೀಕ್ಷಾ ಕೊಠಡಿ ಹೇಗಿರುತ್ತದೆ ಎಂಬುದೂ ತಿಳಿಯುತ್ತದೆ. ಎರಡನೆಯ ಸಲಕ್ಕೆ ವಿಜ್ಞಾನ ಮತ್ತು ಇನ್ನೊಂದು. ಗಣಿತವನ್ನು ಕೊನೆಗೆ, ಒಂದನ್ನೇ ಬರೆಯುತ್ತೇನೆ. ಅದುವರೆಗೆ ಐದನೆಯದರಿಂದ ಮೇಲಕ್ಕೆ ಬರುತ್ತಿರುತ್ತೇನೆ. ಋಣ ಸಂಖ್ಯೆ ದಾಟಿದೆ ಮೇಷ್ಟ್ರೇ.

ವಾರದ ಗಂಟೆಗಳ ಮಾತು ಮನೆಯಲ್ಲಿ ಎತ್ತಿದೆ. ಮಗಳು ಎಂಟನೆಯದರಲ್ಲಿದ್ದಾಳೆ. ಅವಳು ಓದುವ ಹೊತ್ತಿಗೇ ನಾನೂ ಕೂರುವುದೆಂದು ಆಯಿತು. ಅವಳಿಗೆ ಇದು ಅಷ್ಟೇನೂ ಇಷ್ಟವಾದಂತಿಲ್ಲ, ಟಿವಿ ನಿಂತುಹೋಯಿತಲ್ಲ.

ಒಂದು ತೊಡಕು ಉಳಿದಿದೆ. ಹಳೆಯ ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ. ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು ಪೂರ್ತಿ ಬಂದಿದೆ. ಹುಟ್ಟಿದ ದಿನಾಂಕದಲ್ಲೂ ವರ್ಷ ಬೇರೆ. ಯಾವುದನ್ನು ಹಾಕಲಿ?

ರಾತ್ರಿಪಾಳಿ

ವರ್ಷವೇ ಬೇರೆಯಾಗಿದ್ದರೆ ಹಾಗೇ ಹಾಕಿ ಕಳಿಸಬೇಡಿ. ನಮ್ಮ ತಂಡದಲ್ಲಿ ಒಬ್ಬರ ಪ್ರವೇಶ ಇದೇ ಕಾರಣಕ್ಕೆ ತಡೆದು ನಿಂತಿತ್ತು.

ಅರ್ಜಿ ನಮೂನೆ

ಅವಸರ ಮಾಡಬೇಡಿ. ಅರ್ಜಿಯಲ್ಲಿ ನೀವು ಬರೆದ ಹೆಸರು ಮತ್ತು ದಿನಾಂಕವೇ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ನಾಳೆ ಡಿಪ್ಲೊಮಾಕ್ಕೆ, ಆಮೇಲೆ ಪಾಸ್‌ಪೋರ್ಟಿಗೆ, ಪಿಂಚಣಿಗೆ ಎಲ್ಲ ಕಡೆ ಅದೇ ಹೋಗುತ್ತದೆ. ಅಚ್ಚಾದ ಮೇಲೆ ತಿದ್ದಿಸುವುದು ಪರೀಕ್ಷೆ ಬರೆಯುವುದಕ್ಕಿಂತ ಕಷ್ಟ. ಮೊದಲು ಹಳೆಯ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದಲ್ಲಿ ಏನಿದೆ ನೋಡಿ, ವರ್ಗಾವಣೆ ಪತ್ರದ ಪ್ರತಿ ಕೇಳಿ. ಜನನ ಪ್ರಮಾಣಪತ್ರ ಇದ್ದರೆ ಅದರ ದಿನಾಂಕವನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸಿ. ದಿನಾಂಕ ಬದಲಾಯಿಸಲು ಅಲ್ಲಿ ಅವಕಾಶ ಮಿತವಾಗಿದೆ, ಆದ್ದರಿಂದ ಸರಿಯಾದ ದಾಖಲೆ ಕೈಯಲ್ಲಿ ಹಿಡಿದೇ ಹೋಗಿ. ಎರಡೂ ಹೊಂದಿದ ಮೇಲೆ ಅರ್ಜಿ ತುಂಬಿ. ಈ ಸಲದ ಪ್ರವೇಶದ ಕೊನೆಯ ದಿನ ತಪ್ಪಿದರೂ ಚಿಂತೆಯಿಲ್ಲ, ಮುಂದಿನ ಸಲಕ್ಕೆ ಸೇರಬಹುದು. ಶಾಲೆಯಲ್ಲಿ ಹಳೆಯ ಪುಸ್ತಕ ಸಿಗಲಿಲ್ಲ ಎಂದರೆ ಇಲ್ಲೇ ಬರೆಯಿರಿ, ಮುಂದೆ ಏನು ಮಾಡಬೇಕೆಂದು ಹೇಳುತ್ತೇನೆ.